ಮೇಷ್ಟ್ರು ಹಬ್ಬ ಆಚರಿಸುವುದಿಲ್ಲ

ಗ್ರೀಸಿನ ಆಂಡ್ರೋಸ್ ದ್ವೀಪದ ಆ ಊರಿನಲ್ಲಿ ನಿಕೋಲಾಸ್‌ಗಳು ಬೇಕಾದಷ್ಟಿದ್ದರು, ಯಾನ್ನಿಸ್‌ಗಳಂತೂ ಬೀದಿಬೀದಿಗೆ ಸಿಗುತ್ತಿದ್ದರು. ಟ್ರಿಫೋನ್ ಮಾತ್ರ ಇಡೀ ಊರಿಗೆ ಒಬ್ಬರೇ. ಆ ಒಬ್ಬರೂ ಹಬ್ಬ ಆಚರಿಸುತ್ತಿರಲಿಲ್ಲ. ಹಾಗಾಗಿ ದ್ರಾಕ್ಷಿತೋಟಗಳನ್ನು ಕಾಯುವ ಸಂತ ಟ್ರಿಫೋನನ ದಿನ, ಫೆಬ್ರವರಿಯ ಚಳಿಯಲ್ಲಿ, ಪಾದ್ರಿಗಳು ಬೆಳಿಗ್ಗೆ ತೋಟಗಳಿಗೆ ಪವಿತ್ರ ನೀರು ಚಿಮುಕಿಸಿ ಬಂದರೆ ಅಲ್ಲಿಗೆ ಎಲ್ಲ ಮುಗಿಯಿತು. ಸಂಜೆ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗೋಣವೆಂದರೆ ಯಾರಿಗೂ ಒಂದು ಮನೆಯಿರಲಿಲ್ಲ.

ಅಲ್ಲಿ ಹುಟ್ಟಿದ ದಿನವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಹೆಸರು ಕೊಟ್ಟ ಸಂತನ ದಿನವೇ ಹಬ್ಬ. ಅವತ್ತು ಸಂಜೆ ಬಾಗಿಲು ತೆರೆದಿಟ್ಟರೆ ಸಾಕು, ಜನ ಕರೆಯದೆಯೇ ಬರುತ್ತಾರೆ. ಕರೆದರೆ ಅದೇ ಅವಮಾನ. ಮನೆಯಲ್ಲಿ ಸಾವು ನೋವು ಆದವರು ಮಾತ್ರ ವಾರಪತ್ರಿಕೆಯಲ್ಲಿ ಒಂದು ಸಾಲು ಹಾಕಿಸುತ್ತಾರೆ: ಇಂಥವರು ಈ ಸಲ ಹಬ್ಬ ಆಚರಿಸುವುದಿಲ್ಲ. ಮೇಷ್ಟ್ರು ಟ್ರಿಫೋನ್ ಪ್ರತಿವರ್ಷವೂ ಆ ಸಾಲು ಹಾಕಿಸುತ್ತಿದ್ದರು. ಅವರ ಮನೆಯಲ್ಲಿ ಸಾವೂ ಆಗಿರಲಿಲ್ಲ, ಕಾಯಿಲೆಯೂ ಇರಲಿಲ್ಲ. ತತ್ವಶಾಸ್ತ್ರವಿತ್ತು.

ಮೇಷ್ಟ್ರೆಂದರೆ ಅವರು ಶಾಲೆಯಲ್ಲಿ ಒಂದು ದಿನವಾದರೂ ಪಾಠ ಮಾಡಿದವರಲ್ಲ. ಪುಸ್ತಕ ಬರೆಯುವವರನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಊರು ಹಾಗೆ ಕರೆಯುತ್ತಿತ್ತು. ಪ್ರಾಯದಲ್ಲಿ ಜರ್ಮನಿಗೆ ಹೋಗಿ ಓದಿ, ಅಥೆನ್ಸಿಗೆ ಬಂದು ಪಂಡಿತರ ಗ್ರಂಥಭಾಷೆಯ ಮೇಲೆ ಯುದ್ಧ ಸಾರಿ, ಮೀನು ಮಾರುವವನಿಗೂ ಅರ್ಥವಾಗುವ ಆಡುಮಾತಿನಲ್ಲೇ ತತ್ವ ಬರೆಯುತ್ತೇನೆಂದು ಹಠ ಹಿಡಿದವರು. ಬರೆದರು ಕೂಡ. ಪಂಡಿತರು ಹಲ್ಲು ಕಚ್ಚಿಕೊಂಡು ಓದಿದರು. ಮೀನು ಮಾರುವವರು ಓದಲಿಲ್ಲ. ಆ ಮೇಲೆ ಅವರು ಹೆಂಡತಿಯೊಂದಿಗೆ ದ್ವೀಪಕ್ಕೆ, ಅಪ್ಪನ ಮನೆಗೆ ಬಂದು ನೆಲೆಸಿ 'ಏಕಾಂತದ ಘನತೆ' ಎಂಬ ಮಹಾಗ್ರಂಥಕ್ಕೆ ಕೈಹಾಕಿದರು. ಮೂರು ಸಂಪುಟ ಅಚ್ಚಾಗಿದ್ದವು, ನಾಲ್ಕನೆಯದು ಮೇಜಿನ ಮೇಲಿತ್ತು. ಅದರ ಸಾರ ಇಷ್ಟು: ಹೆಸರೆನ್ನುವುದು ಬೇರೆಯವರು ನಮ್ಮ ಕೊರಳಿಗೆ ಹಾಕಿದ ಹಗ್ಗ. ಒಬ್ಬರ ಮನೆಗೊಬ್ಬರು ಹೋಗಿಬರುವುದು ಬರೀ ವ್ಯಾಪಾರ. ನನ್ನ ಸಿಹಿ ನೀನು ತಿಂದೆ, ನಿನ್ನ ಸಿಹಿ ನಾನು ತಿನ್ನುತ್ತೇನೆ. ಸ್ವತಂತ್ರ ಮನುಷ್ಯ ಬಾಗಿಲು ಮುಚ್ಚಿಕೊಂಡಿರುತ್ತಾನೆ. ಮುಚ್ಚಿದ ಬಾಗಿಲಿನೊಳಗೆ ಅವನಿಗೆ ಹೊತ್ತುಹೊತ್ತಿಗೆ ಕಾಫಿ ಯಾರು ತಂದುಕೊಡುತ್ತಾರೆಂಬ ಪ್ರಶ್ನೆ ಮೂರೂ ಸಂಪುಟಗಳಲ್ಲಿ ಬಂದಿರಲಿಲ್ಲ.

ತಂದುಕೊಡುತ್ತಿದ್ದವಳು ಹೆಂಡತಿ ನೆಫೆಲಿ.

ನೆಫೆಲಿಯ ಅಪ್ಪ ಹಡಗಿನ ಮಾಲೀಕ. ಹೊಸದಾಗಿ ಕೊಂಡ ಹಡಗಿಗೂ ಆಗತಾನೆ ಹುಟ್ಟಿದ ಮಗಳಿಗೂ ಒಂದೇ ಹೆಸರಿಟ್ಟುಬಿಟ್ಟಿದ್ದ. ಹೆಸರು ಚೆಂದವೇ, ಆದರೆ ಸ್ವರ್ಗದಲ್ಲಿ ಆ ಹೆಸರಿನ ಸಂತಳೇ ಇಲ್ಲ. ಹಡಗಿಗೆ ಅದರಿಂದ ನಷ್ಟವಾಗಲಿಲ್ಲ, ಮಗಳಿಗಾಯಿತು. ಊರಿನ ಹೆಂಗಸರಿಗೆಲ್ಲ ತಮ್ಮದೊಂದು, ಗಂಡನದೊಂದು ಅಂತ ವರ್ಷಕ್ಕೆ ಎರಡು ಹಬ್ಬವಾದರೆ ಈಕೆಗೆ ತನ್ನದೂ ಇಲ್ಲ, ಗಂಡನದೂ ಇಲ್ಲ. ತವರಿನಿಂದ ತಂದ ದೊಡ್ಡ ಬೆಳ್ಳಿ ತಟ್ಟೆ, ಬಂದವರಿಗೆಲ್ಲ ಸಿಹಿಯನ್ನೂ ನೀರನ್ನೂ ಇಟ್ಟು ಕೊಡುವ ತಟ್ಟೆ, ಮದುವೆಯಾದಂದಿನಿಂದ ಬೀರುವಿನಲ್ಲೇ ಇತ್ತು. ಆಕೆ ಅದನ್ನು ತಿಕ್ಕುತ್ತಿದ್ದಳು, ಬೆಳಗುತ್ತಿದ್ದಳು, ಮತ್ತೆ ಬಟ್ಟೆ ಸುತ್ತಿ ಒಳಗಿಡುತ್ತಿದ್ದಳು.

ಬೇರೆಯವರ ಮನೆಗೆ ಮಾತ್ರ ಆಕೆ ಒಂದು ಹಬ್ಬವನ್ನೂ ತಪ್ಪಿಸುತ್ತಿರಲಿಲ್ಲ. ಹೋದಲ್ಲೆಲ್ಲ ಮೇಷ್ಟ್ರು ಎಲ್ಲಿ ಎಂದು ಕೇಳುತ್ತಿದ್ದರು. "ಅವರಿಗೆ ಸ್ವಲ್ಪ ನೆಗಡಿ," ಅನ್ನುತ್ತಿದ್ದಳು. ಊರಿನ ಲೆಕ್ಕದಲ್ಲಿ ಮೇಷ್ಟ್ರಿಗೆ ಸಂತ ನಿಕೋಲಾಸನ ದಿನವೂ ನೆಗಡಿ, ನಡುಬೇಸಗೆಯಲ್ಲಿ ಮಾತೆ ಮರಿಯಳ ದಿನವೂ ನೆಗಡಿ. ಆಕೆಯ ಮುಂದಂತೂ ಯಾರೂ ನಗುತ್ತಿರಲಿಲ್ಲ. ಆಕೆ ಸಿಹಿ ತಿಂದು, ನೀರು ಕುಡಿದು, ಹಾರೈಸಿ ಮನೆಗೆ ಬರುತ್ತಿದ್ದಳು. ತಿಂದ ಸಿಹಿಗೆಲ್ಲ ತಾನೊಂದು ಚಮಚವೂ ತಿರುಗಿ ಕೊಟ್ಟಿಲ್ಲವಲ್ಲ ಎಂಬ ನಾಚಿಕೆ ದಾರಿಯುದ್ದಕ್ಕೂ ಆಕೆಯನ್ನು ಕುಟುಕುತ್ತಿತ್ತು.

ಕಳೆದ ಶರತ್ಕಾಲದಲ್ಲಿ ಸುಂಕದ ಕಚೇರಿಯ ಹಳೆಯ ಗುಮಾಸ್ತನೊಬ್ಬ ತೀರಿಕೊಂಡ. ಯಾರ ಮನೆಗೂ ಹೋಗದ, ಯಾರನ್ನೂ ಸೇರಿಸದ ಮನುಷ್ಯ. ಶವದ ಪೆಟ್ಟಿಗೆ ಎತ್ತಲು ಜನ ಸಾಲದೆ ಕೊನೆಗೆ ಪೊಲೀಸಿನವನು ಹೆಗಲು ಕೊಟ್ಟ. ನೆಫೆಲಿ ಅದನ್ನು ಕಣ್ಣಾರೆ ಕಂಡಳು. ಮಕ್ಕಳಿಲ್ಲ, ಮರಿಯಿಲ್ಲ. ನಾಳೆ ನಮ್ಮಿಬ್ಬರಲ್ಲಿ ಒಬ್ಬರು ಹೋದರೆ ಈ ಮನೆಯ ಮೆಟ್ಟಿಲು ಹತ್ತುವವರು ಯಾರು? ಚಳಿಗಾಲವೆಲ್ಲ ಇದೇ ಯೋಚನೆ. ಯಾರಾದರೂ ಬರುತ್ತಾರೋ ಇಲ್ಲವೋ, ಬದುಕಿರುವಾಗಲೇ ಒಂದು ಸಲ ನೋಡಿಬಿಡಬೇಕು ಎಂದು ಆಕೆ ನಿರ್ಧರಿಸಿದಳು.

ಜನವರಿ ಕೊನೆಯಲ್ಲಿ ಮೇಷ್ಟ್ರು ಎಂದಿನಂತೆ ಚೀಟಿ ಬರೆದು ಕೊಟ್ಟರು. "ಅಕ್ಷರ ತಪ್ಪಿಲ್ಲದ ಹಾಗೆ ಹಾಕೋಕೆ ಹೇಳು," ಅಂದರು. ನೆಫೆಲಿ ಪತ್ರಿಕೆಯ ಕಚೇರಿಯವರೆಗೂ ಹೋದಳು, ಬಾಗಿಲ ಮುಂದೆ ನಿಂತು ಒಳಗಿನವರಿಗೆ ನಮಸ್ಕಾರ ಹೇಳಿದಳು, ಹಾಗೇ ವಾಪಸು ಬಂದಳು. ಪತ್ರಿಕೆ ಹೊರಬಿದ್ದ ದಿನ ಮೇಷ್ಟ್ರು ಕೇಳಿದಾಗ ನಿರ್ವಿಕಾರವಾಗಿ ಹೇಳಿದಳು: "ಗಾಳಿ ರೀ. ಹಡಗು ಬಂದಿಲ್ಲ, ಕಾಗದ ಇಲ್ಲವಂತೆ, ಈ ವಾರ ಪತ್ರಿಕೆಯೇ ಇಲ್ಲ." ನಾಲ್ಕನೆಯ ಸಂಪುಟದಲ್ಲಿ ಮುಳುಗಿದ್ದ ಮೇಷ್ಟ್ರು ಕಿಟಕಿಯಾಚೆ ಬಂದರಿನಲ್ಲಿ ನಿಂತಿದ್ದ ಹಡಗನ್ನು ನೋಡುವ ಗೋಜಿಗೆ ಹೋಗಲಿಲ್ಲ.

ಹಬ್ಬದ ಹಿಂದಿನ ದಿನ ಆಕೆ ಸಿದೇರಿಸ್‌ನ ದಿನಸಿ ಅಂಗಡಿಗೆ ಹೋಗಿ ಬಾದಾಮಿ ಕೇಳಿದಳು. ಪುಡಿ ಸಕ್ಕರೆ ಕೇಳಿದಳು. ಮತ್ತಷ್ಟು ಬಾದಾಮಿ ಕೇಳಿದಳು.

"ಇಷ್ಟೊಂದು ಯಾಕಕ್ಕಾ?" ಸಿದೇರಿಸ್ ತಕ್ಕಡಿ ಬಿಟ್ಟು ನೋಡಿದ.

"ಬೇಕಿತ್ತು."

"ಮೇಷ್ಟ್ರು ಹೇಗಿದ್ದಾರೆ?"

"ಹೇಗಿರ್ತಾರೆ ಅವರು. ಹಾಗೇ ಇದ್ದಾರೆ." ಬೀದಿಯ ಎದುರುಗಾಳಿಗೆ ಆಕೆಯ ಕಣ್ಣು ತುಂಬಿ ಮೂಗು ಕೆಂಪಾಗಿತ್ತು. ಕರವಸ್ತ್ರ ತೆಗೆದು ಒರೆಸಿಕೊಂಡಳು. "ನಾಳೆ ನಿಮಗೆಲ್ಲ ಗೊತ್ತಾಗತ್ತೆ ಬಿಡು."

ಸಿದೇರಿಸ್ ಬಾದಾಮಿಯನ್ನು ತೂಕಕ್ಕಿಂತ ಒಂದು ಹಿಡಿ ಹೆಚ್ಚು ಹಾಕಿ ಕೊಟ್ಟ. ಅವನು ಯಾವತ್ತೂ ಹಾಗೆ ಮಾಡುವವನಲ್ಲ. ಆಕೆಗೆ ಅದು ವಿಚಿತ್ರವೆನಿಸಿದರೂ ಖುಷಿಯಾಯಿತು.

ಮನೆಯಲ್ಲಿ ಬಾದಾಮಿ ರುಬ್ಬಿ, ಹೂವಿನ ನೀರು ಚಿಮುಕಿಸಿ ಉಂಡೆ ಕಟ್ಟುತ್ತಿರುವಾಗ ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ಮೂಗು ತೂರಿಸಿದರು.

"ಏನದು ಘಮಘಮ?"

"ನಿಮ್ಮ ಪುಸ್ತಕದಲ್ಲಿ ಅಡುಗೆಮನೆ ಬಗ್ಗೆ ಏನಾದ್ರೂ ಬರ್ದಿದ್ದೀರಾ?"

"ಇಲ್ಲ."

"ಮತ್ತೆ? ನಿಮಗೆ ಸಂಬಂಧ ಇಲ್ಲದ ಜಾಗ. ಹೋಗಿ ಬರೀರಿ."

ಮಾರನೆಯ ದಿನ ಮಧ್ಯಾಹ್ನ ನೆಫೆಲಿ ಬೀದಿಗೆ ಮುಖಮಾಡಿದ ದೊಡ್ಡ ಕೋಣೆಯ ಕಿಟಕಿಗಳನ್ನು ತೆರೆದಳು. ಕೀಲುಗಳು ಕಿರುಗುಟ್ಟಿದ್ದಕ್ಕೆ ಪಕ್ಕದ ಮನೆಯ ಫ್ರಾಂಗೂಲಾ ತಲೆ ಹೊರಹಾಕಿ ನೋಡಿದಳು. ನೆಫೆಲಿ ಕುರ್ಚಿಗಳನ್ನೆಲ್ಲ ಗೋಡೆಗೆ ಸಾಲಾಗಿ ಹಾಕಿದಳು. ತನ್ನ ಒಳ್ಳೆಯ ಬಟ್ಟೆ ಹಾಕಿಕೊಂಡಳು. ಒಳ್ಳೆಯದೆಂದರೆ ಕಪ್ಪು, ಈ ವಯಸ್ಸಿನ ಹೆಂಗಸಿಗೆ ಆ ಊರಿನಲ್ಲಿ ಬೇರೆ ಬಣ್ಣವಿಲ್ಲ. ಬಾದಾಮಿ ಉಂಡೆಗಳನ್ನು ಮೇಜಿನ ಮೇಲಿಟ್ಟು, ಬೆಳ್ಳಿ ತಟ್ಟೆಯ ಮೇಲೆ ನಿಂಬೆಹೂವಿನ ಪಾಕದ ಬಟ್ಟಲಿಟ್ಟು, ಚಮಚಗಳನ್ನು ಜೋಡಿಸಿ, ಲೋಟಗಳಿಗೆ ನೀರು ತುಂಬಿ, ಬಾಗಿಲಿನ ಅಗಳಿ ತೆಗೆದು ಕೂತಳು.

ಯಾರೂ ಬರಲಿಲ್ಲ. ಬೀದಿಯಲ್ಲಿ ಹೆಜ್ಜೆ ಸಪ್ಪಳವಾಗುತ್ತಿತ್ತು, ಮನೆಯ ಮುಂದೆ ಬಂದಾಗ ನಿಧಾನವಾಗುತ್ತಿತ್ತು, ಪಿಸುಮಾತು ಕೇಳುತ್ತಿತ್ತು, ಮುಂದೆ ಹೋಗುತ್ತಿತ್ತು. ದೀಪ ಹಚ್ಚುವ ಹೊತ್ತಾಯಿತು. ಯಾಕೆ ಬರಬೇಕು ಅವರು, ಎಂದು ನೆಫೆಲಿ ತನಗೇ ಹೇಳಿಕೊಂಡಳು. ಇಷ್ಟು ವರ್ಷ ಬರೀ ತಿಂದೆ, ಒಬ್ಬರಿಗಾದರೂ ಕೊಟ್ಟೆಯಾ? ಆಕೆಗೆ ಅಳು ಬಂತು, ಆದರೆ ಪಾಕದ ಬಟ್ಟಲಿನ ಮೇಲೆ ನೊಣ ಕೂರದಂತೆ ನೋಡಿಕೊಳ್ಳುವ ಕೆಲಸವಿತ್ತು. ಫೆಬ್ರವರಿಯಲ್ಲಿ ನೊಣವೂ ಇರಲಿಲ್ಲ.

ಕಾಫಿ ಯಾಕೆ ಬರಲಿಲ್ಲವೆಂದು ಹುಡುಕಿಕೊಂಡು ಮೇಷ್ಟ್ರು ಅಲ್ಲಿಗೆ ಬಂದರು. ತೆರೆದ ಕಿಟಕಿ ನೋಡಿದರು, ಕುರ್ಚಿಗಳ ಸಾಲು ನೋಡಿದರು, ತಟ್ಟೆ ನೋಡಿದರು.

"ಚೀಟಿ ಕೊಡಲಿಲ್ಲ ಅಲ್ವಾ ನೀನು?"

"ಇಲ್ಲ."

"ಯಾಕೆ?"

"ನಾನು ಸತ್ತರೆ ಯಾರಾದ್ರೂ ಬರ್ತಾರಾ ಅಂತ ನೋಡಬೇಕಿತ್ತು," ಅಂದಳು ನೆಫೆಲಿ. "ನೋಡಿದ್ದಾಯ್ತು. ಈಗ ಕಿಟಕಿ ಮುಚ್ಚಿ."

ಮೇಷ್ಟ್ರು ಎದೆ ಸೆಟೆಸಿದರು. "ನಾನು ಹೇಳಿರಲಿಲ್ವಾ? ಎರಡನೇ ಸಂಪುಟದಲ್ಲೇ ಬರೆದಿದ್ದೀನಿ. ಜನ ಬರೋದು ಸಿಹಿಗೆ, ಮನುಷ್ಯನಿಗಲ್ಲ ಅಂತ."

"ಸಿಹಿ ಇಲ್ಲೇ ಇದೆ ರೀ. ಅದಕ್ಕೂ ಬರಲಿಲ್ಲವಲ್ಲ."

ಮೇಷ್ಟ್ರು ಕಿಟಕಿಯ ಹತ್ತಿರ ಹೋದರು, ಮುಚ್ಚಲಿಲ್ಲ. ಆ ಕಡೆ ಈ ಕಡೆ ಬೀದಿ ನೋಡಿದರು. ಸಿದ್ಧಾಂತ ಗೆದ್ದವನ ಮುಖ ಹಾಗಿರುವುದಿಲ್ಲ. ಚಳಿಯಾಗುತ್ತಿದೆಯೆಂದು ಒಳಗೆ ಹೋದವರು ಬರುವಾಗ ಕೋಟು ಹಾಕಿ, ಟೈ ಕಟ್ಟಿ, ತಲೆ ಬಾಚಿಕೊಂಡು ಬಂದಿದ್ದರು.

"ಟೈ ಕಟ್ಟಿದ್ರೆ ಚಳಿ ಆಗಲ್ವಾ?" ನೆಫೆಲಿ ಕೇಳಿದಳು.

"ಕುತ್ತಿಗೆಗೆ ಬೆಚ್ಚಗಿರತ್ತೆ," ಅಂದರು ಮೇಷ್ಟ್ರು.

ಆಗಲೇ ಬಾಗಿಲು ತಟ್ಟಿದ ಸದ್ದು. ಮೇಷ್ಟ್ರು ಗಾಬರಿಯಿಂದ ಪುಸ್ತಕದ ಕೋಣೆಗೆ ನುಗ್ಗಿದರು. ನೆಫೆಲಿ ಬಾಗಿಲು ತೆಗೆದರೆ ಮೆಟ್ಟಿಲ ತುಂಬ ಜನ, ಬೀದಿಯ ತಿರುವಿನವರೆಗೂ ಜನ. ಎಲ್ಲರೂ ಕಪ್ಪು ಬಟ್ಟೆಯಲ್ಲಿ. ಮುಂದೆ ಪಾದ್ರಿ ಸ್ಟಮಾಟಿಸ್, ಅವರ ಪಕ್ಕ ಫ್ರಾಂಗೂಲಾ, ಹಿಂದೆ ಟೋಪಿಯನ್ನು ಕೈಯಲ್ಲಿ ಹಿಡಿದ ಕ್ಯಾಪ್ಟನ್ ಲೆಯೋನಿಸ್. ಕ್ಯಾಪ್ಟನ್ ಮೇಷ್ಟ್ರ ಬಾಲ್ಯದ ಗೆಳೆಯ, ಆದರೆ ಆ ಮೆಟ್ಟಿಲು ಹತ್ತಿ ಎಷ್ಟೋ ವರ್ಷವಾಗಿತ್ತು. ಒಬ್ಬರ ಕೈಯಲ್ಲಿ ಕಾಫಿ ಪುಡಿ, ಒಬ್ಬರ ಕೈಯಲ್ಲಿ ಒಣ ಬ್ರೆಡ್ಡು, ಸಿದೇರಿಸ್‌ನ ಕಂಕುಳಲ್ಲಿ ಬ್ರಾಂದಿ ಬಾಟಲಿ. ಹಬ್ಬದ ಮನೆಗೆ ಯಾರೂ ಇವನ್ನು ತರುವುದಿಲ್ಲ.

ಫ್ರಾಂಗೂಲಾ ಆಕೆಯ ಕೊರಳಿಗೆ ಬಿದ್ದಳು. "ಅಯ್ಯೋ ನನ್ನ ತಾಯೀ! ಪಕ್ಕದಲ್ಲೇ ಇದ್ದೀನಿ, ಒಂದು ಮಾತು ಕೂಗಬಾರದಿತ್ತಾ? ಒಬ್ಬಳೇ ಹೇಗೆ ತಡ್ಕೊಂಡೆಯೇ?"

"ಏನನ್ನ?" ಅಂದಳು ನೆಫೆಲಿ.

"ದೇವರು ನಿನಗೆ ಆಯಸ್ಸು ಕೊಡಲಿ, ನೆಫೆಲಿ," ಅಂದ ಕ್ಯಾಪ್ಟನ್ ಲೆಯೋನಿಸ್. "ಒಳ್ಳೇ ಮನುಷ್ಯ. ಒಂದು ಅಕ್ಷರ ಅರ್ಥ ಆಗ್ತಿರಲಿಲ್ಲ, ಆದ್ರೆ ಒಳ್ಳೇ ಮನುಷ್ಯ."

"ಯಾವ ಅಕ್ಷರ ಅರ್ಥ ಆಗಲಿಲ್ಲ ನಿನಗೆ?" ಎಂದು ಒಳಗಿನಿಂದ ಸಿಟ್ಟಿನ ದನಿ ಬಂತು. ಮೇಷ್ಟ್ರು ಟೈ ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತರು.

ಫ್ರಾಂಗೂಲಾ ಕಿರುಚಿದ ಕಿರುಚಾಟಕ್ಕೆ ಬಂದರಿನ ನಾಯಿಗಳೆಲ್ಲ ಬೊಗಳಿದವು. ಪಾದ್ರಿಗಳು ಶಿಲುಬೆಯ ಗುರುತು ಹಾಕಿಕೊಂಡರು. ಸಿದೇರಿಸ್ ಬಾಟಲಿಯನ್ನು ಎದೆಗವಚಿಕೊಂಡ. ಅಷ್ಟು ಗಾಬರಿಯಲ್ಲೂ ಅದನ್ನು ಕೆಳಗೆ ಬೀಳಿಸಲಿಲ್ಲ. ಕ್ಯಾಪ್ಟನ್ ಮಾತ್ರ ಗೆಳೆಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಣ್ಣೊರೆಸಿಕೊಂಡು, ರೇಗಿದ.

"ಲೋ ಟ್ರಿಫೋನ್, ಸತ್ತಿಲ್ವೇನೋ ನೀನು? ಮತ್ತೆ ಪೇಪರಲ್ಲಿ ಯಾಕೋ ಹಾಕಿಸಲಿಲ್ಲ?"

ಆ ಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿ ವಿಷಯ ಹೊರಬಿತ್ತು. ವರ್ಷವೂ ತಪ್ಪದೆ ಬರುತ್ತಿದ್ದ ಸಾಲು ಈ ಸಲ ಪತ್ರಿಕೆಯಲ್ಲಿ ಇರಲಿಲ್ಲ. ಮೇಷ್ಟ್ರು ಬದುಕಿದ್ದರೆ ಹಾಕಿಸದೆ ಇರುತ್ತಾರೆಯೇ ಎಂದು ಕಾಫಿ ಅಂಗಡಿಯಲ್ಲಿ ಮಾತು ಹುಟ್ಟಿತು. ಅಷ್ಟರಲ್ಲಿ ಸಿದೇರಿಸ್ ಬಂದು ಬಾದಾಮಿಯ ಸುದ್ದಿ ಹೇಳಿದ. ಸತ್ತವರ ಹೆಸರಿನಲ್ಲಿ ಚರ್ಚಿನಲ್ಲಿ ಹಂಚುವ ಬೇಯಿಸಿದ ಗೋಧಿಗೂ ಬಾದಾಮಿ, ಪುಡಿ ಸಕ್ಕರೆಯೇ ಬೇಕು. ಕಣ್ಣೊರೆಸಿಕೊಂಡದ್ದನ್ನೂ ಹೇಳಿದ. ಎಂದೂ ತೆರೆಯದ ಕಿಟಕಿ ತೆರೆದಿದೆ, ಕುರ್ಚಿ ಗೋಡೆಗೆ ಹಾಕಿದ್ದಾರೆ, ಕಪ್ಪು ಬಟ್ಟೆ ಹಾಕಿಕೊಂಡು ಕೂತಿದ್ದಾಳೆಂದು ಫ್ರಾಂಗೂಲಾ ಓಡಿಬಂದು ಹೇಳಿದಳು. ಇನ್ನೇನು ಬೇಕು? ಸಾವಿನ ಮನೆಗೆ ಒಯ್ಯುವ ಕಾಫಿ, ಬ್ರೆಡ್ಡು, ಬ್ರಾಂದಿ ಹಿಡಿದು ಊರೇ ಹೊರಟಿತ್ತು.

"ಗಂಟೆ ಹೊಡೀಲಿಲ್ವಲ್ಲ? ಸತ್ತಿದ್ದರೆ ಚರ್ಚಿನ ಗಂಟೆ ಹೊಡೀತಿರಲಿಲ್ವಾ?" ಮೇಷ್ಟ್ರು ತರ್ಕ ಹಿಡಿದರು.

"ನಾನು ಸತ್ತರೆ ಗಂಟೆ ಬೇಡ, ಪಾದ್ರಿ ಬೇಡ ಅಂತ ನೀವೇ ಬರ್ದಿದ್ದೀರಲ್ಲ ಮೇಷ್ಟ್ರೇ," ಅಂದರು ಪಾದ್ರಿಗಳು, ಸ್ವಲ್ಪ ನೊಂದವರಂತೆ. "ಬರೋದಾ ಬೇಡ್ವಾ ಅಂತ ನಾನು ಮಧ್ಯಾಹ್ನದಿಂದ ಒದ್ದಾಡಿದೆ. ಅದಕ್ಕೇ ಇಷ್ಟು ತಡ."

ಮೇಷ್ಟ್ರ ಮುಖ ಅರಳಿತು. "ಮೊದಲನೇ ಸಂಪುಟದ ಕೊನೇ ಪುಟ! ಓದಿದ್ದೀರಾ?"

"ನೆಫೆಲಿ ಹೇಳಿದ್ಲು," ಅಂದರು ಪಾದ್ರಿಗಳು.

ಜನ ಒಳಗೆ ಬಂದರು. ಗೋಡೆಗುಂಟ ಕೂತರು, ಸಾಲದೆ ನಿಂತರು. ಸಾವಿನ ಮನೆಗೆಂದು ಮಾಡಿಕೊಂಡು ಬಂದ ಮುಖವನ್ನು ಹಬ್ಬದ ಮುಖವಾಗಿ ಬದಲಾಯಿಸುವುದು ಹೇಗೆಂದು ತಿಳಿಯದೆ ಎಲ್ಲರೂ ನೆಲ ನೋಡುತ್ತಿದ್ದರು. ಮೇಷ್ಟ್ರು ನಡುವೆ ನಿಂತು ಅವರನ್ನೆಲ್ಲ ಎಣಿಸುವವರಂತೆ ನೋಡಿದರು. ಗೆದ್ದದ್ದು ಸಿದ್ಧಾಂತವಲ್ಲ, ಆದರೂ ಅವರಿಗೆ ಒಳಗೊಳಗೇ ಬಹಳ ಸಂತೋಷವಾಗಿತ್ತು. ಮುಚ್ಚಿಡಲು ಬರಲಿಲ್ಲ.

"ನನಗೋಸ್ಕರ ಇಷ್ಟು ಜನ ಬಂದಿರಾ?" ಅಂದರು.

ಸಿದೇರಿಸ್ ಬಾಟಲಿಯ ಮುಚ್ಚಳ ನೋಡಿದ. ಪಾದ್ರಿಗಳು ಕೆಮ್ಮಿದರು. ಕ್ಯಾಪ್ಟನ್ ಲೆಯೋನಿಸ್‌ಗೆ ಮುಲಾಜಿನ ಅಭ್ಯಾಸವಿರಲಿಲ್ಲ.

"ನಿನಗಾ? ನಿನಗೆ ಯಾಕೋ ಬರಬೇಕು? ನಿನ್ನ ಮುಖ ನೋಡಿ ಎಷ್ಟು ವರ್ಷ ಆಯ್ತು. ನೆಫೆಲಿ ಒಬ್ಬಳೇ ಆದ್ಲಲ್ಲ ಅಂತ ಬಂದ್ವಿ."

"ನನ್ನ ಯಜಮಾನರು ಹೋದಾಗ ತಿಂಗಳುಗಟ್ಟಲೆ ಸಂಜೆ ಬಂದು ಕೂತಿದ್ದು ಯಾರು?" ಅಂದಳು ಫ್ರಾಂಗೂಲಾ. "ಇವಳೇ."

"ನಮ್ಮಮ್ಮನಿಗೆ ಕೊನೇಲಿ ಯಾರ ಗುರುತೂ ಸಿಗ್ತಿರಲಿಲ್ಲ, ಅಕ್ಕನ ಗುರುತು ಸಿಗ್ತಿತ್ತು," ಅಂದ ಸಿದೇರಿಸ್. "ಹಬ್ಬದ ದಿನ ಅಕ್ಕ ಬರೋತನಕ ಸಿಹಿ ತಟ್ಟೆ ಹೊರಗೆ ತೆಗೆಯೋಕೇ ಬಿಡ್ತಿರಲಿಲ್ಲ."

ಬಾಗಿಲ ಹತ್ತಿರ ನಿಂತವರೂ ಏನೇನೋ ಹೇಳಿದರು. ನೆಫೆಲಿ ಗೋಡೆಗೊರಗಿ ನಿಂತು ಕೇಳುತ್ತಿದ್ದಳು. ತಾನು ತಿಂದ ಸಿಹಿಗಳ ಋಣವೆಂದು ನಾಚಿಕೊಂಡು ನಡೆದಿದ್ದಳಲ್ಲ, ಆ ಮನೆಗಳವರೇ ಈ ಚಳಿಯಲ್ಲಿ ಒಣ ಬ್ರೆಡ್ಡು ಹಿಡಿದುಕೊಂಡು ಬಂದಿದ್ದರು. ತಾನು ಸತ್ತರೂ ಇವರು ಬರುತ್ತಾರೆ. ಪೊಲೀಸಿನವನನ್ನು ಕರೆಯಬೇಕಾಗಿಲ್ಲ. ಆಕೆ ಮುಖ ತಿರುಗಿಸಿಕೊಂಡು ಅತ್ತಳು. ಈ ಸಲ ಗಾಳಿಯ ನೆಪವೂ ಇರಲಿಲ್ಲ.

ಅತ್ತು ಮುಗಿಸಿ ತಟ್ಟೆಯ ಕಡೆ ಹೊರಟಳು. ಅಷ್ಟರಲ್ಲಿ ಮೇಷ್ಟ್ರು ಅದನ್ನು ಎತ್ತಿಕೊಂಡಾಗಿತ್ತು. ಗಂಡಸು ಇಂಥ ತಟ್ಟೆ ಹಿಡಿದದ್ದನ್ನು ಆ ಊರು ಕಂಡಿರಲಿಲ್ಲ. ಲೋಟಗಳು ಒಂದಕ್ಕೊಂದು ತಾಕಿ ಗಲಗಲ ಎಂದವು, ನೀರು ಚೆಲ್ಲಿ ಚಮಚಗಳು ತೇಲುವಂತಾದವು.

"ಹಡಗು ವಾಲ್ತಾ ಇದೆಯಲ್ಲೋ," ಅಂದ ಕ್ಯಾಪ್ಟನ್.

ಮೇಷ್ಟ್ರು ಯಾರನ್ನೂ ನೋಡದೆ, ಪಾದ್ರಿಗಳನ್ನು ದಾಟಿ, ಹೆಂಡತಿಯ ಮುಂದೆ ಬಂದು ನಿಂತರು.

"ಕೂತ್ಕೋ."

"ಪಾದ್ರಿಗಳಿಗೆ ಮೊದಲು ಕೊಡಬೇಕು ರೀ. ಅಷ್ಟೂ ಗೊತ್ತಿಲ್ವಾ?"

"ಗೊತ್ತಿಲ್ಲ," ಅಂದರು ಮೇಷ್ಟ್ರು. ಅವರ ದನಿಯಲ್ಲಿ ಯಾವ ಸಂಪುಟವೂ ಇರಲಿಲ್ಲ. "ಇವರೆಲ್ಲ ನಿನಗೆ ಅಂತ ಬಂದವರು. ನನಗೆ ಅಂತ ಬಂದವರು ಯಾರೂ ಇಲ್ಲ. ನೀನಾದ್ರೂ ನನ್ನ ಹಬ್ಬಕ್ಕೆ ಬಾ."

ಫ್ರಾಂಗೂಲಾ ತನ್ನ ಕುರ್ಚಿ ಬಿಟ್ಟುಕೊಟ್ಟಳು. ನೆಫೆಲಿ ಅತಿಥಿಯಂತೆ ಉಡುಪಿನ ಅಂಚು ಸರಿಮಾಡಿಕೊಂಡು ಕೂತು, ಒಂದು ಚಮಚ ಪಾಕ ತೆಗೆದುಕೊಂಡಳು. ತಿನ್ನುವ ಮೊದಲು ಹಾರೈಸಬೇಕು, ಅದು ಪದ್ಧತಿ. ಊರಿನ ಗಂಡಸರಿಗೆಲ್ಲ ಆಕೆ ಆ ಮಾತು ಹೇಳಿದ್ದಳು, ಈ ಒಬ್ಬರಿಗೆ ಹೇಳಲು ಮಾತ್ರ ಇಷ್ಟು ವರ್ಷ ಅಪ್ಪಣೆಯಿರಲಿಲ್ಲ.

"ನೂರು ವರ್ಷ ಬಾಳಿ," ಅಂದಳು ಕೊನೆಗೆ. "ಆದ್ರೆ ನನಗಿಂತ ಒಂದು ದಿನ ಮುಂಚೆ ಹೋಗಿ. ನಾನೇ ಮೊದಲು ಹೋದ್ರೆ, ಬಂದವರಿಗೆ ಬಾಗಿಲು ತೆಗೆಯೋಕೂ ಬರಲ್ಲ ನಿಮಗೆ."